ಜ್ಯೂರಿ ಬಾಯಿ ಬಿಡುವ ಮೊದಲೇ ಕೇಸು ಮುಗಿದರೆ: ಡೈರೆಕ್ಟೆಡ್ ವರ್ಡಿಕ್ಟ್ ಮೇಲೆ ಅಪೀಲು ಹಾಕುವುದು ಹೇಗೆ

ಅಮ್ಮ ಆರು ತಿಂಗಳ ಮಟ್ಟಿಗೆ ನ್ಯೂಜೆರ್ಸಿಗೆ ಬಂದಿದ್ದಾರೆ ಅಂತ ಇಟ್ಟುಕೊಳ್ಳಿ. ಒಂದು ಸಂಜೆ ದಿನಸಿ ಅಂಗಡಿಯಲ್ಲಿ ನೆಲದ ಮೇಲೆ ಚೆಲ್ಲಿದ್ದ ನೀರಿಗೆ ಕಾಲಿಟ್ಟು ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು, ಆಪರೇಷನ್ ಆಯಿತು. ಅಂಗಡಿಯ ಮೇಲೆ ಕೇಸು ಹಾಕಿದಿರಿ, ವರ್ಷಗಟ್ಟಲೆ ಕಾದಿರಿ, ಕೊನೆಗೂ ಜ್ಯೂರಿ, ಅಂದರೆ ಸಾಕ್ಷ್ಯ ಕೇಳಿ ತೀರ್ಪು ಹೇಳುವ ಸಾಮಾನ್ಯ ಜನರ ಗುಂಪಿನ ಎದುರು ಟ್ರಯಲ್ ಶುರುವಾಯಿತು. ನಿಮ್ಮ ಕಡೆಯ ಸಾಕ್ಷಿಗಳೆಲ್ಲ ಹೇಳಿ ಮುಗಿಸಿದ ಮಧ್ಯಾಹ್ನ ಅಂಗಡಿಯ ವಕೀಲರು ಎದ್ದು ನಿಂತರು, ಜಡ್ಜ್ ಜ್ಯೂರಿಯವರನ್ನು ಹೊರಗೆ ಕಳಿಸಿದರು, ಅರ್ಧ ಗಂಟೆ ಏನೇನೋ ವಾದ ನಡೆಯಿತು, ಆಮೇಲೆ ಜಡ್ಜ್ ಇದರಲ್ಲಿ ಜ್ಯೂರಿ ತೀರ್ಮಾನ ಮಾಡುವಂಥದ್ದು ಏನೂ ಇಲ್ಲ ಅಂತ ಹೇಳಿ ಅಂಗಡಿಯ ಪರವಾಗಿ ತೀರ್ಪು ಕೊಟ್ಟುಬಿಟ್ಟರು. ಎಲ್ಲವನ್ನೂ ಕೇಳಿಸಿಕೊಂಡ ಜ್ಯೂರಿಗೆ ಒಂದು ಮಾತೂ ಆಡಲು ಅವಕಾಶ ಸಿಗಲಿಲ್ಲ.

ಇದನ್ನೇ ಡೈರೆಕ್ಟೆಡ್ ವರ್ಡಿಕ್ಟ್ ಅನ್ನುತ್ತಾರೆ. ಫೆಡರಲ್ (ಅಂದರೆ ಕೇಂದ್ರ ಸರ್ಕಾರದ) ಕೋರ್ಟುಗಳಲ್ಲಿ 1991ರಿಂದ ಇದರ ಹೆಸರು ಬದಲಾಗಿದೆ, ಈಗ ಜಡ್ಜ್‌ಮೆಂಟ್ ಆ್ಯಸ್ ಎ ಮ್ಯಾಟರ್ ಆಫ್ ಲಾ. ಸಿವಿಲ್ ನಿಯಮಗಳಲ್ಲಿ ರೂಲ್ 50 ನೋಡಿ. ನ್ಯೂಜೆರ್ಸಿಯ ರಾಜ್ಯ ಕೋರ್ಟಿನಲ್ಲಿ ವಾದಿಯ ಸಾಕ್ಷ್ಯ ಮುಗಿದಾಗ ಹೀಗಾದರೆ ಇನ್‌ವಾಲಂಟರಿ ಡಿಸ್ಮಿಸಲ್ ಅನ್ನುತ್ತಾರೆ, ಕ್ಯಾಲಿಫೋರ್ನಿಯಾದಲ್ಲಿ ನಾನ್‌ಸೂಟ್. ಹೆಸರು ಏನೇ ಇರಲಿ, ಹೊಟ್ಟೆ ಉರಿಯುವುದು ಒಂದೇ ಥರ.

ಊರಿನಿಂದ ಬಂದ ನಮಗೆ ಇದು ಅರ್ಥವಾಗುವುದು ಸ್ವಲ್ಪ ಕಷ್ಟ. ನಮ್ಮಲ್ಲಿ ಸಿವಿಲ್ ಕೇಸಿಗೆ ಜ್ಯೂರಿಯೇ ಇಲ್ಲ. ಮೊದಲ ಅಪೀಲಿನಲ್ಲಿ ಮೇಲಿನ ಕೋರ್ಟು ಸಾಕ್ಷ್ಯವನ್ನೆಲ್ಲ ಮತ್ತೆ ತೂಗಿ ನೋಡಬಹುದು, ಬೇರೆ ತೀರ್ಮಾನಕ್ಕೂ ಬರಬಹುದು. ಅದೇ ನಿರೀಕ್ಷೆ ಇಟ್ಟುಕೊಂಡು ಇಲ್ಲಿ ಅಪೀಲು ಹಾಕಿದರೆ ದುಡ್ಡೂ ಹೋಗುತ್ತದೆ, ಮನಸ್ಸೂ ಮುರಿಯುತ್ತದೆ. ಇಲ್ಲಿನ ಅಪೀಲು ಕೋರ್ಟು ಅಮ್ಮನಿಗೆ ನ್ಯಾಯ ಸಿಗಬೇಕಾ ಅಂತ ಕೇಳುವುದೇ ಇಲ್ಲ. ಅದು ಕೇಳುವುದು ಒಂದೇ ಪ್ರಶ್ನೆ: ಟ್ರಯಲ್‌ನಲ್ಲಿ ದಾಖಲಾದ ಸಾಕ್ಷ್ಯ ನೋಡಿದರೆ, ತಲೆ ನೆಟ್ಟಗಿರುವ ಒಂದು ಜ್ಯೂರಿ ಅಮ್ಮನ ಪರ ತೀರ್ಪು ಕೊಡುವ ಸಾಧ್ಯತೆ ಇತ್ತಾ? ಇತ್ತು ಅಂತಾದರೆ ಜಡ್ಜ್ ಕೇಸನ್ನು ಕಿತ್ತುಕೊಂಡಿದ್ದು ತಪ್ಪು. ಇಡೀ ಅಪೀಲು ಈ ಒಂದು ಪ್ರಶ್ನೆಯ ಸುತ್ತವೇ ತಿರುಗುತ್ತದೆ.

ಇಲ್ಲಿ ಮುಖ್ಯವಾಗಿ ಫೆಡರಲ್ ಕೋರ್ಟಿನ ದಾರಿ ಹೇಳುತ್ತೇನೆ, ಅದಕ್ಕೆ ಕಾರಣ ಇದೆ. ಅಮ್ಮ ಭಾರತದ ಪ್ರಜೆ, ಅಂಗಡಿ ಅಮೆರಿಕದ ಕಂಪನಿ, ಕೇಳುತ್ತಿರುವ ಪರಿಹಾರ 75,000 ಡಾಲರ್‌ಗಿಂತ ಜಾಸ್ತಿ. ಇಂಥ ಕೇಸು ಫೆಡರಲ್ ಕೋರ್ಟಿನಲ್ಲಿ ನಡೆಯಬಹುದು. ನೀವು ರಾಜ್ಯದ ಕೋರ್ಟಿನಲ್ಲಿ ಹಾಕಿದ್ದರೂ, ಕಂಪನಿ ಆ ರಾಜ್ಯದ್ದೇ ಅಲ್ಲದಿದ್ದರೆ ಕೇಸನ್ನು ಫೆಡರಲ್ ಕೋರ್ಟಿಗೆ ಎಳೆದುಕೊಂಡು ಹೋಗಬಹುದು. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮಂದಿರ ಕೇಸುಗಳು ಅಲ್ಲಿಗೆ ಹೋಗಿ ಬೀಳುವುದು ಹೀಗೆ. ಗ್ರೀನ್ ಕಾರ್ಡ್ ಇದ್ದು ಅದೇ ರಾಜ್ಯದಲ್ಲಿ ನೆಲೆಸಿದ್ದರೆ ಲೆಕ್ಕ ಬೇರೆ.

ಮೊದಲ ಹೆಜ್ಜೆ: ಕ್ಯಾಲೆಂಡರ್ ತೆಗೆಯಿರಿ

ಅಳು, ಸಿಟ್ಟು, ಯಾರ ತಪ್ಪು ಅನ್ನುವ ಚರ್ಚೆ ಎಲ್ಲ ಆಮೇಲೆ. ಫೆಡರಲ್ ಕೋರ್ಟಿನಲ್ಲಿ ತೀರ್ಪು ದಾಖಲಾದ ದಿನದಿಂದ 30 ದಿನದೊಳಗೆ ನೋಟಿಸ್ ಆಫ್ ಅಪೀಲ್ ಸಲ್ಲಿಸಬೇಕು. ಜಡ್ಜ್ ಬಾಯಲ್ಲಿ ಹೇಳಿದ ದಿನಕ್ಕೂ ತೀರ್ಪು ಕಾಗದದ ಮೇಲೆ ದಾಖಲಾಗುವ ದಿನಕ್ಕೂ ವ್ಯತ್ಯಾಸ ಇರಬಹುದು. ನಿಯಮದ ಪ್ರಕಾರ ಎಣಿಕೆ ಶುರುವಾಗುವುದು ಎರಡನೆಯದರಿಂದ. ಆದರೂ ನನ್ನ ಮಾತು ಕೇಳಿ, ಬಾಯಲ್ಲಿ ಹೇಳಿದ ದಿನದಿಂದಲೇ ಎಣಿಸಿಕೊಳ್ಳಿ. ತೀರ್ಮಾನ ಹೇಳಿದ ಮೇಲೆ, ದಾಖಲಾಗುವ ಮೊದಲೇ ನೋಟಿಸ್ ಕೊಟ್ಟರೂ ಅದು ನಡೆಯುತ್ತದೆ. ಒಂದು ದಿನ ತಡವಾದರೆ ನಡೆಯುವುದಿಲ್ಲ. ಶನಿವಾರ, ಭಾನುವಾರ, ರಜೆ ಎಲ್ಲ ಎಣಿಕೆಗೆ ಸೇರುತ್ತವೆ. ಕೊನೆಯ ದಿನ ರಜೆಗೆ ಬಿದ್ದರೆ ಮಾತ್ರ ಮುಂದಿನ ಕೆಲಸದ ದಿನಕ್ಕೆ ಹೋಗುತ್ತದೆ. ಅಮ್ಮ ಮೈಸೂರಿಗೆ ವಾಪಸ್ ಹೋಗಿದ್ದರೂ ಗಡಿಯಾರ ನಿಲ್ಲುವುದಿಲ್ಲ.

ಇದರಲ್ಲಿ ಕೋರ್ಟು ಎಷ್ಟು ಕಠಿಣ ಅನ್ನುವುದಕ್ಕೆ 2007ರ ಬೌಲ್ಸ್ ವಿರುದ್ಧ ರಸೆಲ್ ಕೇಸು ನೋಡಿ. ಅಪೀಲಿಗೆ ಇನ್ನಷ್ಟು ಸಮಯ ಕೇಳಿದವನಿಗೆ ಕಾನೂನು ಕೊಡುವುದು 14 ದಿನ. ಜಡ್ಜ್ ತಪ್ಪಿ 17 ದಿನ ಅಂತ ಬರೆದರು. ಪಾಪ, ಅವನು ಜಡ್ಜ್ ಬರೆದ ಗಡುವಿನ ಒಳಗೇ ಸಲ್ಲಿಸಿದ, ಆದರೆ 14 ದಿನ ದಾಟಿತ್ತು. ಸುಪ್ರೀಂ ಕೋರ್ಟ್ 5-4 ಬಹುಮತದಲ್ಲಿ ಅಪೀಲು ನಡೆಯುವುದಿಲ್ಲ ಅಂದಿತು. ಜಡ್ಜ್ ಹೇಳಿದ್ದನ್ನು ನಂಬಿದವನಿಗೇ ಈ ಗತಿ ಆದರೆ "ವಕೀಲರು ಫೋನ್ ಎತ್ತಲಿಲ್ಲ" ಅನ್ನುವವರ ಕಥೆ ಏನು?

ರಾಜ್ಯದ ಕೋರ್ಟಾದರೆ ಗಡುವು ಬೇರೆ. ನ್ಯೂಜೆರ್ಸಿಯಲ್ಲಿ 45 ದಿನ. ನ್ಯೂಯಾರ್ಕ್‌ನಲ್ಲಿ ತೀರ್ಪು ದಾಖಲಾದ ನೋಟಿಸ್ ನಿಮಗೆ ತಲುಪಿಸಿದ ಮೇಲೆ 30 ದಿನ. ಕ್ಯಾಲಿಫೋರ್ನಿಯಾದಲ್ಲಿ ಅಂಥ ನೋಟಿಸ್ ಕೊಟ್ಟ ಮೇಲೆ 60 ದಿನ, ಯಾರೂ ನೋಟಿಸ್ ಕೊಡದಿದ್ದರೆ ತೀರ್ಪು ದಾಖಲಾದ ದಿನದಿಂದ 180 ದಿನ. ಪಕ್ಕದ ಮನೆಯವರ ಕೇಸಿನ ಗಡುವನ್ನು ನಿಮ್ಮದಕ್ಕೆ ಅಂಟಿಸಿಕೊಳ್ಳಬೇಡಿ.

ವಕೀಲರ ಜೊತೆಗಿನ ಒಪ್ಪಂದ ಒಮ್ಮೆ ಓದಿ

ಗಾಯದ ಕೇಸುಗಳಲ್ಲಿ ಸಾಮಾನ್ಯವಾಗಿ ವಕೀಲರು ಗೆದ್ದರೆ ಇಷ್ಟು ಪಾಲು ಅನ್ನುವ ಲೆಕ್ಕದಲ್ಲಿ ಕೆಲಸ ಮಾಡುತ್ತಾರೆ. ಬಹಳಷ್ಟು ಒಪ್ಪಂದಗಳಲ್ಲಿ ಅಪೀಲು ಸೇರಿರುವುದಿಲ್ಲ. ಅದು ನಾಲ್ಕನೇ ಪುಟದಲ್ಲೋ ಐದನೇ ಪುಟದಲ್ಲೋ ಒಂದೇ ಸಾಲಿನಲ್ಲಿ ಇರುತ್ತದೆ, ಸಹಿ ಹಾಕುವಾಗ ಯಾರೂ ಓದಿರುವುದಿಲ್ಲ. ಹಾಗಾಗಿ ತೀರ್ಪು ಬಂದ ವಾರದಲ್ಲೇ ನೇರವಾಗಿ ಕೇಳಿ: ಅಪೀಲು ನೀವು ಮಾಡುತ್ತೀರಾ, ಯಾವ ಲೆಕ್ಕದಲ್ಲಿ, ಇಲ್ಲದಿದ್ದರೆ ನೋಟಿಸ್ ಮಾತ್ರವಾದರೂ ಸಲ್ಲಿಸಿಕೊಡುತ್ತೀರಾ? ಉತ್ತರ ಈಮೇಲ್‌ನಲ್ಲಿ ಬರಲಿ.

ಸಾಧ್ಯವಾದರೆ ಅಪೀಲನ್ನೇ ಕಸುಬು ಮಾಡಿಕೊಂಡ ಇನ್ನೊಬ್ಬ ವಕೀಲರಿಗೆ ತೋರಿಸಿ. ಜ್ಯೂರಿ ಎದುರು ಮಾತಾಡುವುದು ಒಂದು ವಿದ್ಯೆ, ಸಾವಿರಾರು ಪುಟದ ದಾಖಲೆಯಲ್ಲಿ ಹತ್ತು ಸಾಲು ಹುಡುಕಿ ತೆಗೆಯುವುದು ಬೇರೆ ವಿದ್ಯೆ. ಅಷ್ಟೇ ಅಲ್ಲ, ಟ್ರಯಲ್ ವಕೀಲರೇ ಯಾವುದೋ ಪ್ರಶ್ನೆ ಕೇಳುವುದನ್ನು ಮರೆತಿದ್ದರೆ ಅದನ್ನು ಅವರ ಬಾಯಿಂದಲೇ ಕೇಳುವ ಆಸೆ ಇಟ್ಟುಕೊಳ್ಳಬೇಡಿ.

ಇನ್ನೊಂದು ವಿಷಯ ನಮ್ಮವರು ಪದೇ ಪದೇ ಎಡವುವಂಥದ್ದು. "ಅಮ್ಮ ನನಗೆ ಪವರ್ ಆಫ್ ಅಟಾರ್ನಿ ಕೊಟ್ಟಿದ್ದಾರೆ, ನಾನೇ ವಾದ ಬರೆದು ಹಾಕುತ್ತೇನೆ." ಆಗುವುದಿಲ್ಲ ಸ್ವಾಮಿ. ಫೆಡರಲ್ ಕೋರ್ಟಿನಲ್ಲಿ ತನ್ನ ಕೇಸನ್ನು ತಾನೇ ನಡೆಸಬಹುದು, ಇಲ್ಲವೇ ವಕೀಲರು ನಡೆಸಬೇಕು. ಮಗ ಅನ್ನುವ ಕಾರಣಕ್ಕೆ ಅಮ್ಮನ ಪರ ಸಹಿ ಹಾಕುವ ಹಾಗಿಲ್ಲ. ಇಷ್ಟರ ಮಧ್ಯೆ ಗಡುವು ಕಳೆದುಹೋದರೆ ಪವರ್ ಆಫ್ ಅಟಾರ್ನಿ ಉಪಯೋಗಕ್ಕೆ ಬರುವುದಿಲ್ಲ.

ನೋಟಿಸ್ ಸಲ್ಲಿಸುವುದು

ಇಡೀ ಕೆಲಸದಲ್ಲಿ ಸುಲಭದ್ದು ಇದೇ. ಒಂದು ಪುಟದ ಕಾಗದ. ಯಾರು ಅಪೀಲು ಹಾಕುತ್ತಿದ್ದಾರೆ, ಯಾವ ತೀರ್ಪಿನ ಮೇಲೆ, ಯಾವ ಕೋರ್ಟಿಗೆ, ಇಷ್ಟೇ. ಕಾರಣ ಬರೆಯುವ ಅಗತ್ಯ ಇಲ್ಲ. ಇದನ್ನು ಕೊಡಬೇಕಾದ್ದು ಮೇಲಿನ ಕೋರ್ಟಿಗಲ್ಲ, ಕೇಸು ನಡೆದ ಡಿಸ್ಟ್ರಿಕ್ಟ್ ಕೋರ್ಟಿನ ಕ್ಲರ್ಕ್‌ಗೆ. ಶುಲ್ಕ 605 ಡಾಲರ್, ಕಟ್ಟಲು ಶಕ್ತಿ ಇಲ್ಲದಿದ್ದರೆ ವಿನಾಯಿತಿಗೆ ಅರ್ಜಿ ಹಾಕಬಹುದು.

ಇದಕ್ಕೆ ಮೊದಲು ಅದೇ ಜಡ್ಜ್ ಹತ್ತಿರ ಹೊಸ ಟ್ರಯಲ್ ಕೇಳಿ ಅರ್ಜಿ ಹಾಕಬಹುದಾ? ಹಾಕಬಹುದು, ರೂಲ್ 59ರ ಕೆಳಗೆ, 28 ದಿನದೊಳಗೆ. ಈ 28 ದಿನವನ್ನು ಜಡ್ಜ್ ಕೂಡ ವಿಸ್ತರಿಸುವಂತಿಲ್ಲ. ಸಮಯಕ್ಕೆ ಸರಿಯಾಗಿ ಹಾಕಿದರೆ ಅಪೀಲಿನ 30 ದಿನ ಆ ಅರ್ಜಿ ತೀರ್ಮಾನವಾದ ಮೇಲೆ ಶುರುವಾಗುತ್ತದೆ. ಆದರೆ ಅಪೀಲಿಗೆ ಇದು ಕಡ್ಡಾಯ ಏನಲ್ಲ. ನನ್ನ ಅಭಿಪ್ರಾಯದಲ್ಲಿ, ಜಡ್ಜ್ ಕಣ್ಣಿಗೆ ಬೀಳದ ಒಂದು ಸಾಕ್ಷ್ಯ ನಿಜವಾಗಿಯೂ ದಾಖಲೆಯಲ್ಲಿ ಇದ್ದರೆ ಹಾಕಿ. ಸುಮ್ನೆ ಅದೇ ವಾದ ಅದೇ ಮನುಷ್ಯರ ಮುಂದೆ ಮತ್ತೆ ಹೇಳುವುದಕ್ಕಾದರೆ ಬೇಡ.

ಟ್ರಾನ್ಸ್‌ಕ್ರಿಪ್ಟ್: ಎಲ್ಲ ಇರುವುದು ಇಲ್ಲೇ

ನೋಟಿಸ್ ಕೊಟ್ಟ 14 ದಿನದೊಳಗೆ ಟ್ರಯಲ್‌ನ ಟ್ರಾನ್ಸ್‌ಕ್ರಿಪ್ಟ್‌ಗೆ ಆರ್ಡರ್ ಕೊಡಬೇಕು, ಅಂದರೆ ಅಲ್ಲಿ ಆಡಿದ ಪ್ರತಿ ಮಾತಿನ ಬರಹ ರೂಪ ತರಿಸಬೇಕು. ಪುಟದ ಲೆಕ್ಕದಲ್ಲಿ ದುಡ್ಡು. ಒಂದು ವಾರದ ಟ್ರಯಲ್ ಅಂದರೆ ಸಾವಿರ ಪುಟ ದಾಟುವುದು ದೊಡ್ಡ ವಿಷಯವಲ್ಲ, ಹಾಗಾಗಿ ಕೈ ಬಿಗಿ ಹಿಡಿಯುವ ಆಸೆ ಬರುತ್ತದೆ. "ಡಾಕ್ಟರ್ ಹೇಳಿದ್ದು ಸಾಕು, ಉಳಿದದ್ದು ಬಿಡೋಣ." ಬಿಡಬೇಡಿ. ಸಾಕ್ಷ್ಯ ಸಾಕಿತ್ತು ಅಂತ ವಾದ ಮಾಡುವವರು ಎಲ್ಲ ಸಾಕ್ಷ್ಯವನ್ನೂ ಕೋರ್ಟಿನ ಮುಂದೆ ಇಡಬೇಕು. ಜ್ಯೂರಿ ಹೊರಗಿದ್ದಾಗ ಆ ಅರ್ಧ ಗಂಟೆ ನಡೆದ ವಾದ, ಜಡ್ಜ್ ಪಕ್ಕಕ್ಕೆ ಕರೆದು ಪಿಸುಗುಟ್ಟಿದ ಮಾತು, ಎಲ್ಲವೂ ಬೇಕು. ಅಪೀಲು ಕೋರ್ಟಿಗೆ ಇದರ ಹೊರಗಿನ ಯಾವುದೂ ಕಾಣುವುದಿಲ್ಲ. ಆಮೇಲೆ ಸಿಕ್ಕಿದ ವಿಡಿಯೋ, ಪಕ್ಕದ ಸಾಲಿನಲ್ಲಿ ನಿಂತಿದ್ದ ಹೊಸ ಸಾಕ್ಷಿ, ಅಮ್ಮನ ಈಗಿನ ನೋವು, ಯಾವುದನ್ನೂ ಇಲ್ಲಿ ಸೇರಿಸಲು ಆಗುವುದಿಲ್ಲ. ಒಳ್ಳೆಯದೇನೆಂದರೆ ಅಪೀಲಿಗೆ ಅಮ್ಮ ಅಷ್ಟು ದೂರದಿಂದ ಬಂದು ಕೂರಬೇಕಾಗಿಯೂ ಇಲ್ಲ.

ಪುಟಗಳು ಕೈಗೆ ಬಂದ ಮೇಲೆ ಮೂರು ಬಣ್ಣದ ಪೆನ್ನು ತೆಗೆದುಕೊಂಡು ಕೂರಿ. ಮೊದಲು ಅಂಗಡಿಯ ವಕೀಲರು ತೀರ್ಪು ಕೇಳಿದಾಗ ಕೊಟ್ಟ ಕಾರಣ ಗುರುತು ಮಾಡಿ. ರೂಲ್ 50ರ ಪ್ರಕಾರ ಅವರು ಯಾವ ಕಾನೂನು, ಯಾವ ಸಂಗತಿಯ ಮೇಲೆ ಕೇಳುತ್ತಿದ್ದೇವೆ ಅಂತ ಬಿಡಿಸಿ ಹೇಳಬೇಕು. ಯಾಕೆಂದರೆ ಕೊರತೆ ಇದ್ದರೆ ತುಂಬಿಸಿಕೊಳ್ಳಲು ನಿಮಗೆ ಅವಕಾಶ ಸಿಗಬೇಕು. ಅವರು ಗೊಣಗಿದ್ದು ಒಂದು ಕಾರಣ, ಜಡ್ಜ್ ಹಿಡಿದದ್ದು ಇನ್ನೊಂದು ಕಾರಣ, ನಿಮ್ಮ ವಕೀಲರು "ಒಬ್ಬ ಸಾಕ್ಷಿಯನ್ನು ಮತ್ತೆ ಕರೆಯುತ್ತೇನೆ" ಅಂದರೂ ಬಿಡಲಿಲ್ಲ ಅಂತಿದ್ದರೆ, ಅದೇ ಒಂದು ಗಟ್ಟಿ ವಾದ.

ಎರಡನೆಯದು ಜಡ್ಜ್ ಹೇಳಿದ ಕಾರಣ. ಗಾಯದ ಕೇಸಿನಲ್ಲಿ ಅದು ಸಾಮಾನ್ಯವಾಗಿ ಎರಡರಲ್ಲಿ ಒಂದು: ಅಂಗಡಿಯವರಿಗೆ ನೀರು ಚೆಲ್ಲಿದ್ದು ಗೊತ್ತಿತ್ತು ಅನ್ನುವುದಕ್ಕೆ ಸಾಕ್ಷ್ಯ ಇಲ್ಲ, ಅಥವಾ ಬಿದ್ದದ್ದರಿಂದಲೇ ಈ ಗಾಯ ಆಯಿತು ಅನ್ನುವುದಕ್ಕೆ ತಜ್ಞರ ಸಾಕ್ಷ್ಯ ಇಲ್ಲ. ಮೂರನೆಯ ಬಣ್ಣ, ಆ ಕಾರಣಕ್ಕೆ ಉತ್ತರವಾಗುವ ಪ್ರತಿಯೊಂದು ಸಾಲಿಗೆ. ಈ ಮೂರನೇ ಬಣ್ಣ ಎಲ್ಲೂ ಬರದಿದ್ದರೆ ಅಪೀಲು ಇಲ್ಲಿಗೇ ನಿಲ್ಲಿಸುವ ಬಗ್ಗೆ ಗಂಭೀರವಾಗಿ ಯೋಚಿಸಿ.

ಬಾಳೆಹಣ್ಣಿನ ಸಿಪ್ಪೆಯ ಪಾಠ

ಮೂರನೇ ಬಣ್ಣದ ಸಾಲು ಅಂದರೆ ಎಂಥದ್ದು? ಮ್ಯಾಸಚೂಸೆಟ್ಸ್‌ನ ಒಂದೇ ಕೋರ್ಟು ಹತ್ತು ವರ್ಷದ ಅಂತರದಲ್ಲಿ ಕೊಟ್ಟ ಎರಡು ತೀರ್ಪು ನೋಡಿದರೆ ಸಾಕು.

1901ರಲ್ಲಿ ತೀರ್ಪಾದ ಕೇಸಿನಲ್ಲಿ ರೈಲ್ವೆ ಪ್ಲಾಟ್‌ಫಾರ್ಮಿನ ಮೇಲೆ ಒಬ್ಬರು ಬಾಳೆಹಣ್ಣಿನ ಸಿಪ್ಪೆ ಮೆಟ್ಟಿ ಜಾರಿ ಬಿದ್ದರು. ಡೈರೆಕ್ಟೆಡ್ ವರ್ಡಿಕ್ಟ್ ಆಯಿತು, ಮೇಲಿನ ಕೋರ್ಟಿಗೆ ಹೋಯಿತು. ಮುಖ್ಯ ನ್ಯಾಯಮೂರ್ತಿ ಹೋಮ್ಸ್ ಕೆಲವೇ ಸಾಲಲ್ಲಿ ಮುಗಿಸಿಬಿಟ್ಟರು. ಆ ಸಿಪ್ಪೆಯನ್ನು ರೈಲಿಳಿದ ಯಾರೋ ಒಂದು ನಿಮಿಷದ ಹಿಂದಷ್ಟೇ ಬಿಸಾಡಿರಬಹುದು, ರೈಲ್ವೆಯವರು ಏನು ಮಾಡಲು ಸಾಧ್ಯ? ವಾದಿ ಸೋತರು.

1911ರಲ್ಲಿ ತೀರ್ಪಾದ ಕೇಸಿನಲ್ಲಿ ಬಾಸ್ಟನ್‌ನ ಡಡ್ಲಿ ಸ್ಟ್ರೀಟ್ ನಿಲ್ದಾಣದಲ್ಲಿ ಒಬ್ಬ ಮಹಿಳೆ ಬಿದ್ದರು. ಮತ್ತೆ ಬಾಳೆಹಣ್ಣಿನ ಸಿಪ್ಪೆ, ಮತ್ತೆ ಕೆಳಗಿನ ಕೋರ್ಟಿನಲ್ಲಿ ಡೈರೆಕ್ಟೆಡ್ ವರ್ಡಿಕ್ಟ್. ಆದರೆ ಈ ಸಲ ಸಿಪ್ಪೆಯನ್ನು ನೋಡಿದವರು ಅದು ಒಣಗಿತ್ತು, ಕಪ್ಪಾಗಿತ್ತು, ಚಪ್ಪಟೆಯಾಗಿತ್ತು, ಮಣ್ಣು ಮೆತ್ತಿತ್ತು, ಬಹಳ ಜನ ತುಳಿದ ಹಾಗಿತ್ತು ಅಂತ ಸಾಕ್ಷಿ ಹೇಳಿದ್ದರು. ಅಂದರೆ ಅದು ಅಲ್ಲಿ ಬಹಳ ಹೊತ್ತಿನಿಂದ ಬಿದ್ದಿತ್ತು, ಅಲ್ಲೇ ಓಡಾಡುತ್ತಿದ್ದ ನೌಕರರು ತೆಗೆಯಬಹುದಿತ್ತು ಅಂತ ಜ್ಯೂರಿ ಊಹಿಸಲು ದಾರಿ ಇತ್ತು. ಆಕೆ ಗೆದ್ದರು.

ಎರಡೂ ಕೇಸಿಗೆ ಇರುವ ವ್ಯತ್ಯಾಸ ಒಂದು ಬಣ್ಣ, ಒಂದಷ್ಟು ಮಣ್ಣು. ಸಿಪ್ಪೆ ಎಷ್ಟು ಹೊತ್ತಿನಿಂದ ಬಿದ್ದಿತ್ತು ಅಂತ ಗಡಿಯಾರ ನೋಡಿ ಹೇಳಿದವರು ಎರಡನೇ ಕೇಸಿನಲ್ಲೂ ಇರಲಿಲ್ಲ. ನಿಮ್ಮ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಇಂಥದ್ದನ್ನೇ ಹುಡುಕಬೇಕು. ನೀರಿನ ಮೇಲೆ ತಳ್ಳುಗಾಡಿಯ ಚಕ್ರದ ಗುರುತು ಇತ್ತು ಅಂತ ಯಾರಾದರೂ ಹೇಳಿದ್ದಾರಾ? ಅಂಚಿನಲ್ಲಿ ನೀರು ಒಣಗುತ್ತಿತ್ತಾ? ಮೂರು ಹೆಜ್ಜೆ ದೂರದಲ್ಲಿ ಅಂಗಡಿಯ ಹುಡುಗ ತರಕಾರಿ ಜೋಡಿಸುತ್ತಿದ್ದನಾ? ಅಮ್ಮ ಕನ್ನಡದಲ್ಲಿ "ಸೆರಗೆಲ್ಲ ಕೊಳೆ ನೀರಾಯ್ತು" ಅಂದದ್ದು ದುಭಾಷಿಯ ಬಾಯಲ್ಲಿ ಬರೀ "ನೀರು" ಆಗಿಬಿಟ್ಟಿದೆಯಾ ಅಂತಲೂ ನೋಡಿ. ಆ ತರ್ಜುಮೆಗೆ ಟ್ರಯಲ್‌ನಲ್ಲೇ ಆಕ್ಷೇಪ ಎತ್ತದಿದ್ದರೆ ಈಗ ಸರಿಪಡಿಸುವುದು ತುಂಬಾ ಕಷ್ಟ, ಆದರೆ ಗೊತ್ತಿರುವುದು ಒಳ್ಳೆಯದು.

ಫೆಡರಲ್ ಕೋರ್ಟು ಆದರೂ ಅಂಗಡಿಯ ಹೊಣೆ ಎಷ್ಟು ಅನ್ನುವುದನ್ನು ಹೇಳುವುದು ಆ ರಾಜ್ಯದ ಕಾನೂನು. ಇದು ತುಂಬಾ ಮುಖ್ಯ. ನ್ಯೂಜೆರ್ಸಿಯಲ್ಲಿ ಗಿರಾಕಿಗಳೇ ಸಾಮಾನು ಎತ್ತಿಕೊಳ್ಳುವ ಅಂಗಡಿಗಳಿಗೆ ಬೇರೆಯೇ ಒಂದು ನಿಯಮ ಇದೆ. ವ್ಯಾಪಾರದ ರೀತಿಯೇ ಸಾಮಾನು ಕೆಳಗೆ ಬೀಳುವಂಥದ್ದಾದರೆ, ಇಂತಿಷ್ಟು ಹೊತ್ತು ಬಿದ್ದಿತ್ತು ಅಂತ ವಾದಿ ತೋರಿಸಬೇಕಾಗಿಲ್ಲ. 2003ರಲ್ಲಿ ಬಿಲ್ ಕೌಂಟರ್ ಹತ್ತಿರ ದ್ರಾಕ್ಷಿ ಮೆಟ್ಟಿ ಬಿದ್ದವರ ಕೇಸಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೀಗೇ ಹೇಳಿ ಹೊಸ ಟ್ರಯಲ್ ಕೊಟ್ಟಿತು. ಜಡ್ಜ್ ತಪ್ಪು ನಿಯಮ ಹಿಡಿದಿದ್ದರೆ ನಿಮ್ಮ ಅಪೀಲಿನ ಮೊದಲ ವಾದ ಅದೇ ಆಗಬೇಕು.

ಬ್ರೀಫ್ ಬರೆಯುವಾಗ

ದಾಖಲೆ ಮೇಲಿನ ಕೋರ್ಟಿಗೆ ಸಲ್ಲಿಕೆಯಾದ 40 ದಿನದೊಳಗೆ ನಿಮ್ಮ ಬ್ರೀಫ್, ಅಂದರೆ ಬರಹದಲ್ಲಿರುವ ವಾದ, ಹೋಗಬೇಕು. ಮಿತಿ 13,000 ಪದ. ಅಷ್ಟೂ ತುಂಬಿಸಲೇಬೇಕು ಅಂತೇನಿಲ್ಲ, ಒಂದೇ ಕಾರಣಕ್ಕೆ ಸೋತ ಕೇಸಿಗೆ ಅದರ ಅರ್ಧ ಸಾಕು. ಎದುರಿನವರಿಗೆ ಉತ್ತರ ಕೊಡಲು 30 ದಿನ, ಅದಕ್ಕೆ ನಿಮ್ಮ ಮರು ಉತ್ತರಕ್ಕೆ 21 ದಿನ.

ಇಲ್ಲಿ ನಿಮ್ಮ ಕೈಯಲ್ಲಿ ಎರಡು ಆಯುಧ ಇವೆ. ಒಂದು, ಅಪೀಲು ಕೋರ್ಟು ಕೆಳಗಿನ ಜಡ್ಜ್ ತೀರ್ಮಾನಕ್ಕೆ ಯಾವ ರಿಯಾಯಿತಿಯನ್ನೂ ಕೊಡದೆ ಹೊಸದಾಗಿ ನೋಡುತ್ತದೆ. ಎರಡು, ಸಾಕ್ಷ್ಯವನ್ನು ಸೋತವರಿಗೆ ಅನುಕೂಲವಾಗುವ ಹಾಗೆ ಓದಬೇಕು. 2000ದ ರೀವ್ಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು: ಜಡ್ಜ್ ಯಾರು ನಿಜ ಹೇಳುತ್ತಿದ್ದಾರೆ ಅಂತ ತೂಗುವಂತಿಲ್ಲ, ಊಹೆಗಳೆಲ್ಲ ಸೋತವರ ಕಡೆಗೇ ಹೋಗಬೇಕು, ಎದುರಿನವರ ಸಾಕ್ಷ್ಯದಲ್ಲಿ ಜ್ಯೂರಿ ನಂಬಲೇಬೇಕಾಗಿಲ್ಲದ್ದನ್ನು ಪಕ್ಕಕ್ಕಿಡಬೇಕು. ಅಂಗಡಿಯ ಮ್ಯಾನೇಜರ್ "ಹತ್ತು ನಿಮಿಷದ ಹಿಂದೆ ಒರೆಸಿದ್ದೆವು" ಅಂತ ಹೇಳಿದ್ದನ್ನೇ ನಂಬಿ ಜಡ್ಜ್ ತೀರ್ಪು ಕೊಟ್ಟಿದ್ದರೆ, ಅವರು ಜ್ಯೂರಿಯ ಕೆಲಸ ತಾವು ಮಾಡಿದ್ದಾರೆ. ಆ ಪುಟ, ಆ ಸಾಲು ಬರೆದು ತೋರಿಸಿ.

ಹಾಗಂತ ಸಾಸಿವೆಯಷ್ಟು ಸಾಕ್ಷ್ಯ ಸಾಕು ಅಂತಲ್ಲ. ಬರೀ ಊಹೆಯ ಮೇಲೆ ಊಹೆ ಕಟ್ಟಿದರೆ ಕೋರ್ಟು ಒಪ್ಪುವುದಿಲ್ಲ. ನಿಮಗೆ ವಿರುದ್ಧವಾದ ಸಾಲುಗಳನ್ನು ಬಚ್ಚಿಡಲೂ ಬೇಡಿ. ಎದುರಿನವರು ಅದನ್ನು ಹೊರಗೆ ಎಳೆದಾಗ ನಿಮ್ಮ ಉಳಿದ ಮಾತೂ ಹಗುರವಾಗುತ್ತದೆ. ನೀವೇ ಹೇಳಿ, ಅದನ್ನು ಜ್ಯೂರಿ ಯಾಕೆ ನಂಬದೇ ಇರಬಹುದಿತ್ತು ಅಂತ ವಿವರಿಸಿ.

ತಜ್ಞರ ಸಾಕ್ಷ್ಯವನ್ನೇ ಜಡ್ಜ್ ಹೊರಗಿಟ್ಟು, ಆಮೇಲೆ "ಸಾಕ್ಷ್ಯ ಇಲ್ಲ" ಅಂದಿದ್ದರೆ ದಾರಿ ಕಡಿದು. ಆಗ ಮೊದಲು ಹೊರಗಿಟ್ಟಿದ್ದೇ ತಪ್ಪು ಅಂತ ತೋರಿಸಬೇಕು, ಮತ್ತು ಆ ವಿಷಯದಲ್ಲಿ ಅಪೀಲು ಕೋರ್ಟು ಕೆಳಗಿನ ಜಡ್ಜ್‌ಗೆ ಸಾಕಷ್ಟು ಸ್ವಾತಂತ್ರ್ಯ ಕೊಡುತ್ತದೆ. ಡಾಕ್ಟರ್ ಏನು ಹೇಳುವವರಿದ್ದರು ಅನ್ನುವುದು ದಾಖಲೆಯಲ್ಲಿ ಇದೆಯಾ ಅಂತ ಖಚಿತ ಮಾಡಿಕೊಳ್ಳಿ. ಇಲ್ಲದಿದ್ದರೆ ವಾದಕ್ಕೆ ಕಾಲೇ ಇಲ್ಲ.

ಈ ನಡುವೆ ಅನೇಕ ಸರ್ಕಿಟ್ ಕೋರ್ಟುಗಳಲ್ಲಿ (ಫೆಡರಲ್ ಅಪೀಲು ಕೋರ್ಟುಗಳು) ಮಧ್ಯಸ್ಥಿಕೆಗೆ ಕರೆಯುತ್ತಾರೆ. ಹೋಗಿ. ಗಟ್ಟಿ ಬ್ರೀಫ್ ಮೇಜಿನ ಮೇಲಿದ್ದಾಗ ಅಂಗಡಿಯ ಇನ್ಶೂರೆನ್ಸ್‌ನವರು ಟ್ರಯಲ್‌ಗೆ ಮೊದಲಿದ್ದಷ್ಟು ಬಿಗಿಯಾಗಿ ಇರುವುದಿಲ್ಲ.

ತೀರ್ಪು ಬಂದ ಮೇಲೆ

ಮೂವರು ಜಡ್ಜ್‌ಗಳ ಪೀಠ ಓದುತ್ತದೆ. ಕೆಲವೊಮ್ಮೆ ಮೌಖಿಕ ವಾದ ಇರುತ್ತದೆ, ಬಹಳಷ್ಟು ಸಲ ಕಾಗದ ನೋಡಿಯೇ ತೀರ್ಮಾನಿಸುತ್ತಾರೆ. ಸೋತರೆ ಮರುಪರಿಶೀಲನೆ ಕೇಳಲು 14 ದಿನ, ಸುಪ್ರೀಂ ಕೋರ್ಟಿಗೆ 90 ದಿನ. ಜಾರಿ ಬಿದ್ದ ಕೇಸನ್ನು ಸುಪ್ರೀಂ ಕೋರ್ಟ್ ಕೈಗೆತ್ತಿಕೊಳ್ಳುತ್ತದೆ ಅಂತ ಯಾರಾದರೂ ಹೇಳಿದರೆ ಅವರಿಗೆ ಫೀಸು ಕೊಡಬೇಡಿ. ಎದುರಿನವರ ವಕೀಲರ ಫೀಸು ಸಾಮಾನ್ಯವಾಗಿ ನಿಮ್ಮ ತಲೆಗೆ ಬರುವುದಿಲ್ಲ, ಆದರೆ ಶುಲ್ಕ, ಪ್ರತಿಗಳ ಖರ್ಚಿನಂಥ ಸಣ್ಣ ಲೆಕ್ಕ ಬರಬಹುದು.

ಗೆದ್ದರೆ? ಇದನ್ನು ಮನೆಯವರಿಗೆ ಮೊದಲೇ ಹೇಳಿಡಿ: ಚೆಕ್ ಬರುವುದಿಲ್ಲ. ಜ್ಯೂರಿ ತೀರ್ಪು ಕೊಟ್ಟಮೇಲೆ ಜಡ್ಜ್ ಅದನ್ನು ರದ್ದು ಮಾಡಿದ್ದರೆ ಅಪೀಲು ಕೋರ್ಟು ಆ ತೀರ್ಪನ್ನೇ ಮತ್ತೆ ಕೂರಿಸಬಹುದಿತ್ತು. ನಿಮ್ಮ ಕೇಸಿನಲ್ಲಿ ಜ್ಯೂರಿ ಏನೂ ಹೇಳಿಲ್ಲ, ಕೂರಿಸಲು ಏನೂ ಇಲ್ಲ. ಹಾಗಾಗಿ ಸಿಗುವುದು ಹೊಸ ಟ್ರಯಲ್, ಹೊಸ ಜ್ಯೂರಿ, ಮೊದಲಿನಿಂದ.

ಅದಕ್ಕೇ ಅಪೀಲು ನಡೆಯುತ್ತಿರುವಾಗಲೇ ಮುಂದಿನ ಟ್ರಯಲ್‌ಗೆ ತಯಾರಿ ಮಾಡಿಕೊಳ್ಳಿ. ಸಾಕ್ಷಿಗಳ ಹೊಸ ವಿಳಾಸ ಬರೆದಿಡಿ. ಡಾಕ್ಟರ್ ಊರು ಬದಲಿಸಿದ್ದಾರಾ ನೋಡಿ. ವಯಸ್ಸಾದ ಅಮ್ಮ ಅಷ್ಟೊತ್ತಿಗೆ ವಿಮಾನ ಹತ್ತುವ ಸ್ಥಿತಿಯಲ್ಲಿ ಇಲ್ಲದಿದ್ದರೆ, ಮೊದಲ ಟ್ರಯಲ್‌ನಲ್ಲಿ ಪ್ರಮಾಣ ಮಾಡಿ ಅವರು ಹೇಳಿದ್ದನ್ನೇ ಹೊಸ ಜ್ಯೂರಿಗೆ ಓದಿ ಹೇಳಲು ಸಾಕ್ಷ್ಯ ನಿಯಮಗಳಲ್ಲಿ ಅವಕಾಶ ಇದೆ. ನೀವು ದುಡ್ಡು ಕೊಟ್ಟು ತರಿಸಿಕೊಂಡ ಟ್ರಾನ್ಸ್‌ಕ್ರಿಪ್ಟ್‌ನ ಅವೇ ಪುಟಗಳು ಆಗ ಮತ್ತೆ ಬೇಕಾಗುತ್ತವೆ, ಡಬ್ಬದಲ್ಲಿ ಹಾಕಿ ಮಳೆ ನೀರು ತಾಗದ ಕಡೆ ಇಡಿ.